ಬರಬೇಕಾದದ್ದು

ಸುತ್ತೋಲೆ ಬಂದದ್ದು ಮಂಗಳವಾರ, ಊಟದ ಹೊತ್ತಿಗೆ.
ಎರಡೇ ಪುಟ. ಸಂಗತಿ ಇದ್ದದ್ದು ಮೂರನೇ ಪ್ಯಾರಾದಲ್ಲಿ:
ಔಷಧಿಗೆ ಇನ್ನು ಮುಂದೆ ಪೂರ್ತಿ ಬೆಲೆ ಮೊದಲು ಕಟ್ಟತಕ್ಕದ್ದು,
ರಿಯಾಯಿತಿಯ ಮೊತ್ತ, ಪರಿಶೀಲನೆಯ ನಂತರ,
ಕೇಂದ್ರದ ಖಾತೆಗೆ ಮರಳತಕ್ಕದ್ದು.
ತಕ್ಕದ್ದು, ತಕ್ಕದ್ದು ಎಂದು ಡಾಕ್ಟರ್ ಶಾನಭಾಗರು ಎರಡು ಸಲ ಓದಿದರು.
ಮುರಿದ ಚಪಾತಿ ಕೈಯಲ್ಲೇ ಇತ್ತು.

ಹನ್ನೊಂದು ವರ್ಷದಿಂದ ನಾನಿಲ್ಲಿ, ಕುಮಟೆಯ ಈಚೆ ಬದಿ,
ಅಘನಾಶಿನಿ ಉಪ್ಪಾಗುವಲ್ಲಿ,
ಸಮುದಾಯ ಆರೋಗ್ಯ ಕೇಂದ್ರದ ಕಬ್ಬಿಣದ ಜಾಲರಿಯ ಹಿಂದೆ.
ಬೋರ್ಡಿನಲ್ಲಿ ಫಾರ್ಮಸಿಸ್ಟ್.
ಜನರ ಬಾಯಲ್ಲಿ ಗುಳ್ಗಿ ಅಕ್ಕೋರು.

ರಿಯಾಯಿತಿಗೆ ನಮ್ಮಲ್ಲಿ ಮೈಕೈ ಇತ್ತು.
ನೂರರ ಸೀಸೆ ನಲವತ್ತಕ್ಕೆ ಬಂದರೆ
ಉಳಿದ ಅರವತ್ತು ಇನಾಸನ ದೋಣಿಗೆ ಡೀಸೆಲ್,
ಥರ್ಮಾಕೋಲ್ ಪೆಟ್ಟಿಗೆಗೆ ಐಸು
(ಮೀನಿನ ಐಸೇ, ಬೇರೆ ಎಲ್ಲಿಂದ ತರೋದು),
ಪ್ರತಿ ಗುರುವಾರ ಕುರ್ವೆಗೆ ದಾಟುವ ನರ್ಸ್ ಜೊಹರಾಳ
ಅರ್ಧ ದಿನದ ಕೂಲಿ.
ಇದನ್ನು ಎಲ್ಲೂ ಬರೆದಿರಲಿಲ್ಲ.
ಬರೆದಿದ್ದರೆ ಮೊದಲೇ ನಿಲ್ಲಿಸುತ್ತಿದ್ದರೋ ಏನೋ.

ಡಾಕ್ಟರ್ ಸುತ್ತೋಲೆಯ ಬೆನ್ನಿಗೇ ಲೆಕ್ಕ ಹಾಕಿದರು.
ಖಾತೆಯಲ್ಲಿ ಇರುವುದು ಆರು ವಾರದ್ದು.
ಮರಳಿ ಬರಲು ಹದಿನಾಲ್ಕು ವಾರ, ಎಲ್ಲ ಸರಿ ನಡೆದರೆ.
ನಡುವಿನ ಎಂಟು ವಾರ
ಯಾರ ಮೈಯಲ್ಲಿ ಕಳೆಯಬೇಕು?
ಅವರು ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.
ಮುಂದಿನ ಇಂಡೆಂಟಿನಲ್ಲಿ ಇನ್ಸುಲಿನ್ ಅರ್ಧ ಬರೆದೆ.
ದೋಣಿ ಬೇಡ ಎಂದು ಇನಾಸನಿಗೆ ಫೋನು ಮಾಡಿದೆ.

ಗಜನಿ ಗದ್ದೆಯವರಿಗೆ ಇದು ಗೊತ್ತಿದ್ದದ್ದೇ:
ಜಂತ್ರಡಿಯ ಹಲಗೆ ಯಾರು ಎತ್ತುತ್ತಾರೆ, ಯಾವ ಹೊತ್ತಿಗೆ,
ಕಗ್ಗ ಭತ್ತದ ಹಣೆಬರಹ ಅಷ್ಟೇ.
ನೀರು ಬರುತ್ತದೆ ನಿಜ.
ಅದರ ಹೊತ್ತಿಗೆ ಬರುತ್ತದೆ.

ಸುಬ್ಬಿ ಅಂಬಿಗ, ಐವತ್ತೆರಡು, ಬಳಚು ಆಯುವವಳು.
ಇಳಿತದಲ್ಲಿ ಮೊಣಕಾಲುದ್ದ ಕೆಸರಿಗಿಳಿದು
ಕಾಲ್ಬೆರಳಲ್ಲೇ ಚಿಪ್ಪು ಹುಡುಕುವವಳು.
ಆ ಬೆರಳಿಗೆ ಈಗೀಗ ಏನೂ ತಿಳಿಯುವುದಿಲ್ಲ.
ಕಲ್ವದ ಅಂಚು ಕೊಯ್ದದ್ದು
ಅಂಗಳದಲ್ಲಿ ತನ್ನದೇ ಕೆಂಪು ಹೆಜ್ಜೆ ಕಂಡ ಮೇಲೆ ಗೊತ್ತಾಗಿದ್ದು.

ಜಾಲರಿಯಾಚೆ ನಿಂತು ನನ್ನ ವಿವರಣೆಯೆಲ್ಲ ಕೇಳಿದಳು.
ಬುಟ್ಟಿ ಸೊಂಟದಿಂದ ಸೊಂಟಕ್ಕೆ ಬದಲಿಸಿದಳು.
‘ನಾ ಇವತ್ತು ಬಳಚು ಕೊಟ್ಟು
ದೀಪಾವಳಿಗೆ ದುಡ್ಡು ತಕಂಡ್ರೆ ಅದು ಉದ್ರಿ.
ಅವ್ರು ಮಾಡ್ರೆ ರಿಯಾಯ್ತಿಯಾ ಅಕ್ಕೋರೆ?’
ನನ್ನ ಹಿಂದೆ ಫ್ರಿಜ್ಜು ಗುಂಯ್ ಎಂದಿತು,
ಅರ್ಧ ಖಾಲಿಯಾದದ್ದು ಜಾಸ್ತಿ ಸದ್ದು ಮಾಡುತ್ತದೆ.

ಏಳನೇ ವಾರ, ಭಾನುವಾರ, ನಾನೇ ದಾಟಿದೆ.
ಇನಾಸ ದುಡ್ಡು ಮುಟ್ಟಲಿಲ್ಲ.
‘ಬರ್ದಿಡಿ ಬಾಯಿ, ಪರಿಶೀಲ್ನೆ ಆದ್ಮೇಲೆ ಕೊಡಿ’ ಎಂದು ನಕ್ಕ.
ನಾಲ್ಕು ವಾರಕ್ಕೆ ಮುಗಿಯಬೇಕಾದ ಸೀಸೆ
ಸುಬ್ಬಿಯ ಮಡಕೆಯ ತಂಪಿನಲ್ಲಿ
ಇನ್ನೂ ಮೂರು ಬೆರಳು ಉಳಿದಿತ್ತು.
‘ಹಾಕಂತೆ. ದಿನಾ ಅಲ್ಲ.
ನಿಮ್ಗೆ ತ್ರಾಸಾಗ್ತದಲ್ಲ, ಅದ್ಕೇ.’

ಸುಳ್ಳು ಹೇಳಬಾರದು. ಹಣ ಬಂತು.
ಹದಿನಾರನೇ ವಾರ, ಪೈಸೆ ತಪ್ಪದೆ ಬಂತು.
‘ಬರಬೇಕಾದದ್ದು’ ಕಾಲಂನಿಂದ ‘ಬಂದದ್ದು’ ಕಾಲಂಗೆ
ಕೆಂಪು ಶಾಯಿಯಲ್ಲಿ ದಾಟಿಸಿದೆ.
ಡಾಕ್ಟರ್ ಸಹಿ ಹಾಕಿದರು.
ಗುರುವಾರದ ದೋಣಿ ಮತ್ತೆ ಶುರುವಾಯಿತು.

ಸುಬ್ಬಿ ಕಾರವಾರದ ದೊಡ್ಡಾಸ್ಪತ್ರೆಯಿಂದ ಮರಳಿದ್ದು ಅದೇ ವಾರ,
ಬಲಗಾಲಿನ ಎರಡು ಬೆರಳು ಅಲ್ಲೇ ಬಿಟ್ಟು.
ಸೀಸೆ ಕೈಗಿಟ್ಟರೆ ಬೆಳಕಿಗೆ ಹಿಡಿದು ನೋಡಿದಳು.
‘ಬಂತಂತೆ, ಹೌದಾ?’
ಹೌದು ಎಂದೆ.
‘ಒಳ್ಳೇದಾಯ್ತು.
ನಾ ಈಗ ಎಡಗಾಲಲ್ಲಿ ಹುಡುಕ್ತೆ.
ಅದಕ್ಕೆ ಇನ್ನೂ ಅಭ್ಯಾಸ ಇಲ್ಲ, ಕಲ್ಲನ್ನೂ ಬಳಚು ಅಂತದೆ.’