ಕರಿಗೇರಿನ ಗುರುತು

ಮೂರನೇ ರಾತ್ರಿ.
ಕೋಟೆ ರಸ್ತೆ, ಹಾಲಮ್ಮನ ಲಾಂಡ್ರಿಯ ಹಿಂದಿನ ಕೋಣೆ.
ಹಳೇ ಕಂಪ್ಯೂಟರೊಂದಕ್ಕೆ ಸರ್ವರ್ ಎಂದು ಹೆಸರಿಟ್ಟು
ಬಾಡಿಗೆಯಲ್ಲಿ ಮುನ್ನೂರು ಇಳಿಸಿಕೊಂಡಿದ್ದೇನೆ:
ಅಂಗಡಿಯ ಬಿಲ್ಲು, ಗಲ್ಲಿಯ ಕ್ಯಾಮರಾ, ಮೇಲಿನ ಮನೆಯವರ ವೈಫೈ
ಎಲ್ಲ ಒಂದೇ ಕೇಬಲ್ಲಿನಲ್ಲಿ ಹರಿಯಬೇಕು,
ಒಂದನ್ನೊಂದು ಮುಟ್ಟಬಾರದು.
ಹತ್ತು ಮನೆಗೆ. ಇಪ್ಪತ್ತು ಅಂಗಡಿಗೆ. ಮೂವತ್ತು ಕ್ಯಾಮರಾಕ್ಕೆ.
ಪ್ರತಿ ಪ್ಯಾಕೆಟ್ಟಿನ ಹಣೆಗೂ ಒಂದು ಅಂಕಿ;
ಕಾಗದದ ಮೇಲೆ ಇಷ್ಟೇ ಇತ್ತು ಕೆಲಸ.

ಹೊಸ ಆವೃತ್ತಿ ಹಾಕಿದ ಸೋಮವಾರದಿಂದ ಕ್ಯಾಮರಾ ಕುರುಡು.
ಸರ್ವರಿನೊಳಗಿನ ಸೇತುವೆಯ ಸಾಲು ಓದಿದೆ, ಸರಿಯಿದೆ.
ಅಳಿಸಿ ಅದನ್ನೇ ಮತ್ತೆ ಬರೆದೆ, ಸರಿಯಾಗಿಯೇ ಇದೆ.
ಆರಿಸಿ ಹಚ್ಚಿದೆ.
ಚಪ್ಪಲಿ ಬಿಟ್ಟು ಬಂದು ಹಚ್ಚಿದೆ.
ಆವೃತ್ತಿ ಬರೆದವರ ವಂಶವನ್ನು
ಒಂದೆರಡು ತಲೆಮಾರು ಹಿಂದಕ್ಕೆ ಹೋಗಿ ಬೈದೆ.
ಕೊನೆಗೆ ತಂತಿಯ ಬಾಯಿಗೇ ಕಿವಿಯಿಟ್ಟು ಕೂತೆ:
ಪರದೆಯ ಮೇಲೆ ಸರಸರ ಇಳಿಯುವ ಸಾಲು,
ಕ್ಯಾಮರಾದವೇ, ಬಂದಿವೆ,
ಹಣೆ ಮಾತ್ರ ಬೋಳು.

ಮದುವೆ ಮನೆಯ ಪಂಚೆಗಳಿಗೆ ಗಂಜಿ ಹಾಕುತ್ತಿದ್ದ ಹಾಲಮ್ಮ
ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.
"ಇನ್ನೂ ಮಲಗಿಲ್ವೇನೋ ಷಡಕ್ಷರಿ?"
ಗುರುತು ಹೋಗಿದೆ, ಎಂದೆ.
ಅವಳಿಗೆ ಅಷ್ಟು ಸಾಕಾಯಿತು.

"ನಮ್ಮತ್ತೆ ಕರಿಗೇರು ಕಾಯಿಗೆ ಸೂಜಿ ಚುಚ್ಚಿ
ಕಾಲರಿನ ಒಳಗೆ ಇಡ್ತಿದ್ಲು, ಮೇಲೊಂದು ಚಿಟಿಕೆ ಸುಣ್ಣ.
ಕೈಗೆ ತಾಗಿದ್ರೆ ಗುಳ್ಳೆ.
ಡಾಕ್ಟ್ರ ಮನೆಗೆ ಮೂರು ಚುಕ್ಕಿ, ಹೋಟ್ಲಿಗೆ ಅಡ್ಡಗೆರೆ,
ಪೊಲೀಸ್ ಲೈನಿಗೆ ಕಾಗೆಕಾಲು.
ಛತ್ರದ ಕೆಳಗೆ ತುಂಗೇಲಿ ಎಲ್ಲಾ ಒಟ್ಟಿಗೇ ನೆನೀತಿತ್ತು.
ಬಟ್ಟೆ ಹರೀಬೇಕು, ಗುರುತು ಹೋಗಬಾರ್ದು.
ಹೋಯ್ತೋ, ಉಟ್ಟೋರ್ನ ಕೇಳ್ಬೇಡ, ಹೊತ್ತೋರ್ನ ಕೇಳ್ಬೇಡ.
ಯಾವ ಕಲ್ಲಿಗೆ ಬಡಿದ್ರು ಅಂತ ಕೇಳು."

ಕಲ್ಲು ಎಣಿಸಿದೆ.
ಕ್ಯಾಮರಾ. ಸರ್ವರ್. ನಡುವೆ ಇಸ್ತ್ರಿ ಮೇಜಿನಡಿ
ಮಿಣುಕುತ್ತ ಕೂತ ಎಂಟು ತೂತಿನ ಸ್ವಿಚ್ಚು.
ಸೋಮವಾರವೇ, ಧೂಳು ಒರೆಸುವ ಭರದಲ್ಲಿ
ನಾಲ್ಕರ ಕೇಬಲ್ಲನ್ನು ಕಿತ್ತು ಐದಕ್ಕೆ ಚುಚ್ಚಿದವನು
ನಾನೇ.
ಐದರ ಮುಂದೆ ಒಂದು 'ಯು':
ಗುರುತು ತೊಳೆದು ಕಳಿಸು, ಎಂದು ಅದರರ್ಥ.
ಪಾಪ, ಮೂರು ದಿನದಿಂದ ಹೇಳಿದ್ದನ್ನೇ ಮಾಡುತ್ತಿತ್ತು.

'ಯು' ಅಳಿಸಿ 'ಟಿ' ಒತ್ತಿದೆ.
ಗಲ್ಲಿ ಕಣ್ಣು ಬಿಟ್ಟಿತು: ಬೀದಿದೀಪ,
ಯಾರದೋ ಸ್ಕೂಟರಿನ ಚಕ್ರಕ್ಕೆ ಕಾಲೆತ್ತಿದ ನಾಯಿ.
"ಇದಕ್ಕೇನಾ ಮೂರು ದಿನ?" ಎಂದಳು ಹಾಲಮ್ಮ,
ಗಂಜಿ ಆರುತ್ತದೆಂದು ಹೋದಳು.

ಇಳಿಯುವ ಸಾಲುಗಳ ನಡುವೆ ಆಮೇಲೊಂದು ಬಂತು,
ಹಣೆಯಲ್ಲಿ ನಲವತ್ತೇಳು.
ನಾನು ಯಾರಿಗೂ ಕೊಡದ ಅಂಕಿ.
ಸರ್ವರ್ ಅದನ್ನು ಬಿಸಾಡಿತು, ಅದರ ನಿಯಮ ಹಾಗೆ.

ಹಾಲಮ್ಮನ ಟ್ರಂಕಿನಲ್ಲಿ
ಕೊಕ್ಕೆಯಂಥ ಗುರುತಿನ ಬಿಳಿ ಅಂಗಿಯೊಂದಿದೆ, ಅತ್ತೆಯ ಕಾಲದ್ದು.
ಯಾವ ಮನೆಯದೋ.
ಯುಗಾದಿಗೊಮ್ಮೆ ತೆಗೆದು, ಒಗೆದು, ಇಸ್ತ್ರಿ ಮಾಡಿ
ಮತ್ತೆ ಮಡಿಸಿಡುತ್ತಾಳೆ.