ದಾದಿಯ ಪುಲ್ಲಿಂಗ

ಮೂರನೇ ಕ್ಲಾಸಿನಲ್ಲಿ ವಾಸಂತಿ ಟೀಚರು ಕೇಳುತ್ತಿದ್ದರು:
ಅರಸ? ಅರಸಿ. ಗೌಡ? ಗೌಡತಿ.
ಬೀಗ? ಬೀಗಿತ್ತಿ.
ದಾದಿಯನ್ನು ಅವರು ಕೇಳಲೇ ಇಲ್ಲ.
ಕೇಳಿದ್ದರೆ ಹಿಂದಿನ ಬೆಂಚಿನಿಂದ ನಾನೇ ಕೂಗುತ್ತಿದ್ದೆ
ದಾದಾ! ಎಂದು,
ಬಂದರಿನ ರೌಡಿಯ ಹಾಗೆ ಕಾಲರ್ ಎತ್ತಿ.

ಈಗ ಐದನೇ ಮಹಡಿಯಲ್ಲಿ ರಾತ್ರಿ ಪಾಳಿ.
ಎದೆಯ ಮೇಲೆ ಹೆಸರಿದೆ: ಲತೇಶ್ ಸಾಲ್ಯಾನ್.
ಓದುವವರು ಯಾರು?
ಕೊರಳಲ್ಲಿ ಸ್ಟೆತಸ್ಕೋಪಿದ್ದರೆ ಡಾಕ್ಟ್ರೇ,
ಕೈಯಲ್ಲಿ ಬೆಡ್‌ಪ್ಯಾನಿದ್ದರೆ ಏ ತಮ್ಮಾ,
ನೋವು ಏರಿದರೆ ಮಾತ್ರ ಸಿಸ್ಟರ್, ಸಿಸ್ಟರ್!
ಮೊದಮೊದಲು ತಿದ್ದುತ್ತಿದ್ದೆ.
ನೋವಿಗೆ ವ್ಯಾಕರಣ ಕಲಿಸಬೇಡ ಮಾರಾಯ
ಎಂದು ಸೆವರಿನ್ ಸಿಸ್ಟರ್ ಗದರಿದ ಮೇಲೆ ಬಿಟ್ಟೆ.
ಅವರಿಗಾದರೂ ಏನು ಸುಖ.
ಮೂವತ್ತೊಂದು ವರ್ಷದಿಂದ ಜನ ಅವರನ್ನು
ಒಂದೋ ದೇವತೆ ಎನ್ನುತ್ತಾರೆ,
ಇಲ್ಲವೋ ಕಣ್ಣು ಹೊಡೆದು ನೋಡುತ್ತಾರೆ.
ಸೊಂಟ ನೋವಿನ ಹೆಂಗಸೆಂದು
ಒಬ್ಬರಿಗೂ ಹೊಳೆದಿಲ್ಲ.

ಮುಲ್ಕಿಗೆ ಹೆಣ್ಣು ನೋಡಲು ಹೋಗಿದ್ದೆವು.
ಹುಡುಗಿಯ ಸೋದರಮಾವ ಕೇಳಿದರು:
ಆಸ್ಪತ್ರೆಯಲ್ಲಿ... ಡಾಕ್ಟರಾ?
ನರ್ಸು, ಎಂದೆ.
ಗೋಳಿಬಜೆಯ ತಟ್ಟೆ ನನ್ನಿಂದ
ಒಂದಿಂಚು ಆಚೆ ಸರಿದಂತೆ ಕಂಡಿತು.
ಟೀಪಾಯಿಯೇ ಓರೆ ಇದ್ದಿರಲೂಬಹುದು.
ಬಸ್ಸಿನಲ್ಲಿ ಅಮ್ಮ, ಕಿಟಕಿಗೆ ಹೇಳುವಂತೆ:
ಸ್ಟಾಫ್ ಅಂದಿದ್ರೆ ಸಾಕಿತ್ತು.

ಬಿಜೈಯಲ್ಲಿ ಜರ್ಮನ್ ಕ್ಲಾಸಿಗೆ ಸೇರಿದೆ.
ಅವರ ಹಳೆಯ ಪದದೊಳಗೂ ಒಬ್ಬಳು ಅಕ್ಕ ಇದ್ದಳಂತೆ.
ಈಗ ಹೊಸತು ಮಾಡಿದ್ದಾರೆ,
ಗಂಡಿಗೊಂದು, ಹೆಣ್ಣಿಗೊಂದು,
ಹೇಳಿ ಮುಗಿಸುವಷ್ಟರಲ್ಲಿ ಸಲೈನ್ ಬಾಟಲಿ ಖಾಲಿ.
ಸಂಬಳವೂ ಅಷ್ಟೇ ಉದ್ದ.
ಅದೇ ಮಾವ ಈಗ ಅಮ್ಮನಿಗೆ
ವಾರಕ್ಕೊಮ್ಮೆ ಫೋನು ಮಾಡುತ್ತಾರೆ.

ಹೋದ ತಿಂಗಳು ಕಂಪನಿಯವರು
ಗಾಲಿಯ ಮೇಲೆ ಒಂದು ಯಂತ್ರ ತಂದು ನಿಲ್ಲಿಸಿದರು.
ಬಿಪಿ ನೋಡುತ್ತದೆ, ಮಾತ್ರೆಯ ಹೊತ್ತು ತಪ್ಪಿಸುವುದಿಲ್ಲ,
ರಜೆ ಕೇಳುವುದಿಲ್ಲ.
ಹೆಸರು ಕರುಣಾ. ದನಿ ಹೆಣ್ಣಿನದು.
ಬೇರೆ ದನಿ ಇಲ್ಲವಾ? ಎಂದೆ.
ಟೈ ಕಟ್ಟಿದ ಹುಡುಗ ನಕ್ಕ:
ನರ್ಸ್ ಅಲ್ವಾ ಸರ್ ಇದು?
ಸೆವರಿನ್ ಸಿಸ್ಟರ್ ಅದರ ಹಣೆಯ ಧೂಳು ಒರೆಸಿದರು.
ಪಾಪ, ಎಂದರು,
ಇದೂ ಹೆಣ್ಣಾಗಿಯೇ ದುಡಿಯಬೇಕಾಯ್ತು.

ಮೊನ್ನೆ ರಾತ್ರಿ ಮೂರು ಗಂಟೆ.
ಇಪ್ಪತ್ತೆರಡನೇ ಬೆಡ್ಡು, ಬೆಂಗ್ರೆಯ ಅಪ್ಪಿಯಕ್ಕ.
ಐವತ್ತು ವರ್ಷ ಮೀನಿನ ಬುಟ್ಟಿ ಹೊತ್ತ ಕತ್ತು.
ಗಂಡಸು ಮುಟ್ಟಬಾರದೆಂದು ಮೊದಲ ದಿನವೇ ಕಟ್ಟಪ್ಪಣೆ.
ಹುಡುಗಿಯರಿಬ್ಬರೂ ಐಸಿಯುಗೆ ಓಡಿದ್ದಾರೆ.
ಬೆಲ್ಲು. ಕರುಣಾ ನನಗಿಂತ ಮೊದಲೇ ತಲುಪಿ
ನಿಮ್ಮ ಆಮ್ಲಜನಕ ತೊಂಬತ್ತಾರು, ಎಲ್ಲವೂ ಸರಿಯಾಗಿದೆ
ಎಂದಿತು. ಇನ್ನೊಮ್ಮೆ ಎಂದಿತು.
ಅವರು ಗೋಡೆಗೆ ತಿರುಗಿಕೊಂಡರು.

ಯಂತ್ರವನ್ನು ಹೊರಗೆ ದೂಡಿ ಪರದೆ ಎಳೆದೆ.
ಸ್ಟೂಲಿನ ಮೇಲೆ ಕೂತೆ.
ಕಿಟಕಿಯಲ್ಲಿ ಹೊಳೆಯಾಚೆ ಬೆಂಗ್ರೆಯ ನಾಲ್ಕು ದೀಪ.
ಶುಶ್ರೂಷೆ ಎಂದರೆ ಮೂಲದಲ್ಲಿ
ಕೇಳುವ ಆಸೆ ಎಂದರ್ಥವಂತೆ.
ಕಾಲೇಜಿನ ಮೊದಲ ದಿನ ಬೋರ್ಡಿನ ಮೇಲೆ ಬರೆದಿದ್ದರು.
ಪರೀಕ್ಷೆಗೆ ಬರಲಿಲ್ಲ, ಮರೆತಿದ್ದೆ.
ಬಾಗಿ, ನಮ್ಮ ತುಳುವಿನಲ್ಲಿ ಕೇಳಿದೆ:

ದಾದ?

ಏನು, ಎಂದಷ್ಟೇ ಅದರ ಅರ್ಥ.

ಬಹಳ ಹೊತ್ತಿನ ಮೇಲೆ ಒಂದು ಕೈ ಬಂತು.
ಬಂಗುಡೆ ತಾಜಾ ಹೌದೋ ಎಂದು ನೋಡುವಂತೆ
ಎರಡು ಬೆರಳಲ್ಲಿ ನನ್ನ ಮಣಿಕಟ್ಟು ಒತ್ತಿ ನೋಡಿತು.
ಹಾಸಿಗೆ ಒದ್ದೆ, ಎಂದರು.
ಕಣ್ಣು ಮುಚ್ಚಿಕೊಂಡು ಬದಲಿಸು.
ಸ್ವಲ್ಪ ತಡೆದು:
ಬೇಡ, ತೆರೆ. ಎಡವಿ ನನ್ನ ಮೇಲೇ ಬಿದ್ದೀಯ.
ಬೆಳಗ್ಗೆ ಮಗಳಿಗೆ ಹೇಳಬೇಡ.

ಇಲ್ಲ, ಎಂದೆ.
ಚಾರ್ಟಿನಲ್ಲಿ ಬರೆದೆ:
ಮೂರು ಇಪ್ಪತ್ತು. ಹಾಸಿಗೆ ಬದಲಿಸಲಾಗಿದೆ.
ರೋಗಿ ನಿದ್ರಿಸುತ್ತಿದ್ದಾರೆ.
ಸಹಿ.