ಕುಲಾವಿ

ಕೂಸು ಹುಟ್ಟುವ ಮುಂಚೆಯೇ ಕುಲಾವಿ:
ಬಿಲ್ಡ್ ಫೈಲಿನಲ್ಲಿ ಸುನ್ನುವಾ
ಮೊದಲು ಹೆಸರು ಬರೆಯುತ್ತಾಳೆ,
ಸ್ಟ್ರೇಮುರ್, ಅವಳ ನುಡಿಯಲ್ಲಿ ಸೆಳವು,
ಇನ್ನೂ ಇಲ್ಲದ್ದಕ್ಕೆ.

ಆಮೇಲೆ ಅದರ ಕಡತಗಳು: ಚಂದ್ರ, ಗಾಳಿ, ಜಲಸಂಧಿ.
ಆಮೇಲೆ ಅದು ಆತುಕೊಳ್ಳುವ ಲೈಬ್ರರಿ:
ಅಜ್ಜ ಟುಮ್ಮಸ್ ನಲವತ್ತು ವರ್ಷ
ದೋಣಿಯಂಚಿಗೆ ಒರಗಿ ಗೀಚಿಟ್ಟ
ಉಬ್ಬರವಿಳಿತದ ಲೆಕ್ಕ.
ಎಲ್ಲ ಗೊತ್ತು ಅದಕ್ಕೆ;
ತಾನಾಗಿ ಒಂದು ಹೆಜ್ಜೆ ಇಡದು.

ಎಂಟರ್.

ಲಿಂಕರ್ ಕೇಳಿತು: ಮೇನ್ ಎಲ್ಲಿ?

ಮನೆಯೆಲ್ಲ ಕಟ್ಟಿ ಬಾಗಿಲನ್ನೇ ಮರೆತಿದ್ದಳು.
ಪಟ್ಟಿಗೆ ಇನ್ನೊಂದು ಕಡತ ಸೇರಿಸಿ
ಆರಿದ ಕಾಫಿಯನ್ನು ಹಾಗೇ ಕುಡಿದಳು.

ಈ ಸಲ ಹೆಸರು ಎದ್ದು ಓಡಿತು.
ಪರದೆಯ ಮೇಲೆ ಒಂದೇ ಸಾಲು:
ಬಡಗಣ ಸೆಳವು, ಆರೂ ನಲವತ್ತಕ್ಕೆ.

ಕಿಟಕಿಯ ಕೆಳಗೆ, ಟೋರ್ಸ್‌ಹಾವ್ನ್ ಬಂದರಿನಲ್ಲಿ,
ಆಕಾಶವನ್ನೊಮ್ಮೆ ನೋಡಿ ಯಾರೋ
ಆಗಲೇ ಹಗ್ಗ ಬಿಚ್ಚುತ್ತಿದ್ದರು.